ಜಪಾನಿನ ಹೊಗೆಸೊಪ್ಪಿನ ಡಬ್ಬಿ, ಅದರ ನೆಟ್ಸುಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್ಸುಕೆಯ ಚಿತ್ರ ಕಂಡು ಮರುಳಾದವರು ಬಹಳ ಮಂದಿ. ಅದು ಯಾವುದನ್ನು ಬೀಳದಂತೆ ಹಿಡಿದುಕೊಂಡಿತ್ತೋ ಆ ಡಬ್ಬಿಯ ಬಗ್ಗೆ ವಿಚಾರಿಸುವವರು ಕಡಿಮೆ. ಗುಂಡಿ ಮೆರೆಯಿತು, ಡಬ್ಬಿ ಮರೆಯಾಯಿತು. ಹಾಗಾಗಿ ಇಲ್ಲಿ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿಟ್ಟುಕೊಂಡು ಉತ್ತರಿಸಿದ್ದೇನೆ.

ನೆಟ್ಸುಕೆ ಎಂದರೇನು?

ನಡುಪಟ್ಟಿಯಿಂದ ಇಳಿಬಿಟ್ಟ ಚೀಲವೋ ಡಬ್ಬಿಯೋ ಜಾರಿ ಬೀಳದಂತೆ ದಾರದ ಮೇಲ್ತುದಿಗೆ ಕಟ್ಟುವ ಗುಂಡಿ. ಕಿಮೊನೊದ ನಡುಪಟ್ಟಿಗೆ ಓಬಿ ಎನ್ನುತ್ತಾರೆ. ದಾರವನ್ನು ಓಬಿಯ ಹಿಂಬದಿಯಿಂದ ಮೇಲಕ್ಕೆ ಎಳೆದುಕೊಂಡರೆ ಗುಂಡಿ ಪಟ್ಟಿಯ ಮೇಲಂಚಿಗೆ ಕಚ್ಚಿಕೊಂಡು ಕೂರುತ್ತದೆ, ಡಬ್ಬಿ ಕೆಳಗೆ ತೂಗುತ್ತದೆ. ‘ನೆ’ ಎಂದರೆ ಬೇರು, ‘ತ್ಸುಕೆ’ ಎಂದರೆ ಲಗತ್ತಿಸುವುದು. ಮೊದಮೊದಲು ಬೇರಿನ ತುಂಡನ್ನೋ ಸಣ್ಣ ಸೋರೆಬುರುಡೆಯನ್ನೋ ಕಟ್ಟಿಕೊಳ್ಳುತ್ತಿದ್ದರು ಎಂಬುದು ಬಳಕೆಯಲ್ಲಿರುವ ವಿವರಣೆ. ಅಳತೆ ಸಾಮಾನ್ಯವಾಗಿ 3ರಿಂದ 5 ಸೆಂಟಿಮೀಟರ್. ಮುಷ್ಟಿಯೊಳಗೆ ಇಟ್ಟುಕೊಂಡರೆ ಕಾಣದು.

ಉಚ್ಚಾರ ಹೇಗೆ?

ಬರೆಯುವುದು ನೆಟ್ಸುಕೆ. ಜಪಾನೀಯರ ಬಾಯಲ್ಲಿ ನಡುವಿನ ಉಕಾರ ಬಹುತೇಕ ನುಂಗಿಹೋಗಿ ‘ನೆಟ್ಸ್‌ಕೆ’ ಎಂದು ಕೇಳಿಸುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ? ಕಿಸೆಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ?

ಕಿಮೊನೊಗೆ ಕಿಸೆಯೇ ಇರಲಿಲ್ಲ. ಸಣ್ಣಪುಟ್ಟದ್ದನ್ನು ತೋಳಿನ ಜೋಲಿನಲ್ಲೋ ಎದೆಯ ಮಡಿಕೆಯಲ್ಲೋ ಸೇರಿಸಬಹುದಿತ್ತು, ಆದರೆ ಗಟ್ಟಿ ಡಬ್ಬಿಗೆ ಅದು ತಕ್ಕ ಜಾಗವಲ್ಲ. ಪಂಚೆ ಉಟ್ಟ ನಮ್ಮ ಹಿರಿಯರು ಎಲೆಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಪಾನಿನಲ್ಲಿ ಹೀಗೆ ನಡುವಿನಿಂದ ಇಳಿಬಿಡುವ ವಸ್ತುಗಳಿಗೆಲ್ಲ ಸೇರಿ ಸಗೆಮೊನೊ ಎಂಬ ಹೆಸರಿತ್ತು. ಮೊಹರು ಮತ್ತು ಔಷಧಿ ಇಡುವ, ಒಂದರ ಮೇಲೊಂದು ಕೂರುವ ಅಂತಸ್ತುಗಳ ಡಬ್ಬಿ ಇನ್ರೋ, ಹಣದ ಚೀಲ ಕಿಂಚಕು, ಮಸಿ ಮತ್ತು ಕುಂಚದ ಕೊಳವೆ ಯತತೆ, ಕಡೆಯದಾಗಿ ನಮ್ಮ ಹೊಗೆಸೊಪ್ಪಿನ ಸಾಮಾನು.

ಇದು ನಶ್ಯದ ಡಬ್ಬಿಯೇ?

ಅಲ್ಲ. ನಶ್ಯಕ್ಕೆ ಪುಟ್ಟ ಸೀಸೆಗಳನ್ನು ಮಾಡಿ ಅದನ್ನೊಂದು ದೊಡ್ಡ ಕಲೆಯಾಗಿ ಬೆಳೆಸಿದವರು ಚೀನೀಯರು. ಜಪಾನೀಯರು ಸೇದಿದರು. ಅವರ ಡಬ್ಬಿಯಲ್ಲಿ ಇರುತ್ತಿದ್ದುದು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಹೊಗೆಸೊಪ್ಪು. ಅದರ ಹೆಸರು ಕಿಜಾಮಿ.

ಪೂರ್ತಿ ಜೊತೆಯಲ್ಲಿ ಏನೇನು ಇರುತ್ತದೆ?

ಕೆಳಗಿನಿಂದ ಮೇಲಕ್ಕೆ ಹೋಗೋಣ. ಮೊದಲು ಹೊಗೆಸೊಪ್ಪಿನ ಡಬ್ಬಿ ಅಥವಾ ಚೀಲ. ಚೀಲಕ್ಕೆ ತಬಾಕೊ-ಇರೆ ಎನ್ನುತ್ತಾರೆ. ಮರ, ಅರಗು, ಕೊಂಬು ಇತ್ಯಾದಿಗಳಿಂದ ಮಾಡಿದ ಗಟ್ಟಿ ಡಬ್ಬಿಗೆ ಟೊಂಕೊಟ್ಸು ಎಂಬ ಹೆಸರು. ಅದರಿಂದ ಮೇಲೇರುವ ರೇಷ್ಮೆ ಅಥವಾ ಹತ್ತಿಯ ಹುರಿ. ಹುರಿಯ ಮೇಲೆ ಜಾರುವ ಒಂದು ಮಣಿ, ಓಜಿಮೆ. ಅದನ್ನು ಕೆಳಗೆ ಒತ್ತಿದರೆ ಮುಚ್ಚಳ ಬಿಗಿಯಾಗುತ್ತದೆ, ಮೇಲೆ ಸರಿಸಿದರೆ ಸಡಿಲವಾಗುತ್ತದೆ. ತುದಿಯಲ್ಲಿ ನೆಟ್ಸುಕೆ. ಪಕ್ಕದಲ್ಲಿ ಹೊಗೆ ಸೇದುವ ಕೊಳವೆಯನ್ನಿಡುವ ಒರೆ, ಕಿಸೆರುಜುತ್ಸು. ಹಲವು ಜೊತೆಗಳಲ್ಲಿ ನೆಟ್ಸುಕೆಯೇ ಇರುವುದಿಲ್ಲ. ಒರೆಯನ್ನೇ ಓಬಿಯೊಳಗೆ ಕತ್ತಿಯಂತೆ ಸಿಕ್ಕಿಸಿಕೊಂಡರೆ ಅದೇ ಇಡೀ ಭಾರವನ್ನು ತಡೆಯುತ್ತದೆ.

ಟೊಂಕೊಟ್ಸು ಎಂದು ಹುಡುಕಿದರೆ ನೂಡಲ್ಸ್ ಬರುತ್ತಿದೆ. ನಾನು ತಪ್ಪು ಬರೆಯುತ್ತಿದ್ದೇನೆಯೇ?

ನಿಮ್ಮ ತಪ್ಪೇನಿಲ್ಲ. ಹಂದಿಯ ಮೂಳೆ ಕುದಿಸಿ ಮಾಡುವ ರಾಮೆನ್ ಸಾರಿಗೂ ಅದೇ ಉಚ್ಚಾರದ ಹೆಸರಿದೆ, ಹುಡುಕಾಟದಲ್ಲಿ ಗೆಲ್ಲುವುದು ಸಾರೇ. ಜೊತೆಗೆ ನೆಟ್ಸುಕೆ ಅಥವಾ ಸಗೆಮೊನೊ ಎಂಬ ಪದ ಸೇರಿಸಿ ನೋಡಿ, ಬಟ್ಟಲುಗಳು ಹಿಂದೆ ಸರಿದು ಡಬ್ಬಿಗಳು ಮುಂದೆ ಬರುತ್ತವೆ.

ಹೊಗೆಸೊಪ್ಪು ಜಪಾನಿಗೆ ಯಾವಾಗ ಬಂತು?

16ನೆಯ ಶತಮಾನದ ಕೊನೆಯ ಹೊತ್ತಿಗೆ, ಪೋರ್ಚುಗೀಸರ ಹಡಗಿನಲ್ಲಿ. ಜಪಾನಿಯ ‘ತಬಾಕೊ’, ನಮ್ಮ ‘ತಂಬಾಕು’ ಎರಡರ ಹಿಂದೆಯೂ ಅದೇ ವ್ಯಾಪಾರಿಗಳ ಬಾಯಿಮಾತಿದೆ. ಆಗ ದೇಶವನ್ನು ಆಳುತ್ತಿದ್ದ ಸೇನಾಧಿಪತಿಗಳಾದ ಟೊಕುಗವಾ ಶೋಗುನರ ಆಡಳಿತಕ್ಕೆ ಇದು ಹಿಡಿಸಲಿಲ್ಲ. ಊರಿಗೆ ಬೆಂಕಿ ಬೀಳುವ ಭಯ, ಅನ್ನ ಬೆಳೆಯುವ ಹೊಲದಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆಂಬ ಸಿಟ್ಟು. 1612ರಿಂದ ಆಚೆಗೆ ಮತ್ತೆ ಮತ್ತೆ ನಿಷೇಧದ ಆಜ್ಞೆಗಳು ಹೊರಟವು. ಒಂದೇ ಆಜ್ಞೆಯನ್ನು ಪದೇ ಪದೇ ಹೊರಡಿಸಬೇಕಾಯಿತು ಎಂದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದೇ ಅರ್ಥ. ಆ ಶತಮಾನ ಮುಗಿಯುವಷ್ಟರಲ್ಲಿ ಸಮುರಾಯ್, ವರ್ತಕ, ರೈತ, ಹೆಂಗಸರು, ಗಂಡಸರು ಎನ್ನದೆ ಎಲ್ಲರೂ ಸೇದುತ್ತಿದ್ದರು. ಮನೆಗೆ ಬಂದವರ ಮುಂದೆ ನಾವು ತಾಂಬೂಲದ ತಟ್ಟೆ ಇಟ್ಟಂತೆ ಅವರು ಕೆಂಡದ ಬಟ್ಟಲು, ಬೂದಿ ತಟ್ಟುವ ಬಿದಿರಿನ ಕೊಳವೆ ಇರುವ ತಟ್ಟೆಯನ್ನು ತಂದಿಡುತ್ತಿದ್ದರು.

ಡಬ್ಬಿ ಇಷ್ಟು ಚಿಕ್ಕದಿದ್ದರೆ ದಿನಕ್ಕೆ ಸಾಲುತ್ತಿತ್ತೇ?

ಸಾಲುತ್ತಿತ್ತು. ಕಾರಣ ಕೊಳವೆಯಲ್ಲಿದೆ. ಕಿಸೆರು ಎಂಬ ಆ ಕೊಳವೆಯ ಬಾಯಿ ಒಂದು ಕಡಲೆಕಾಳು ಹಿಡಿಯುವಷ್ಟು ಮಾತ್ರ. ಚಿಟಿಕೆ ಕಿಜಾಮಿಯನ್ನು ಬೆರಳಲ್ಲಿ ಉಂಡೆ ಮಾಡಿ ಇಟ್ಟು, ಕೆಂಡಕ್ಕೆ ಹಿಡಿದು, ಎರಡು ಮೂರು ದಮ್ಮು ಎಳೆಯುವಷ್ಟರಲ್ಲಿ ಉರಿದು ಮುಗಿಯುತ್ತದೆ. ಬೂದಿ ತಟ್ಟಿ ಮತ್ತೊಂದು ಉಂಡೆ. ಹೊರಗೆ ಕೆಂಡ ಸಿಗದ ಕಡೆ ಮೊದಲ ಉಂಡೆಯ ನಿಗಿನಿಗಿಯನ್ನು ಆರಲು ಬಿಡದೆ ಅದರಿಂದಲೇ ಎರಡನೆಯದನ್ನು ಹೊತ್ತಿಸಬೇಕು. ರೈತರು ಅದನ್ನು ಜಡ್ಡುಗಟ್ಟಿದ ಅಂಗೈಗೆ ತಟ್ಟಿಕೊಂಡು ಹೊರಳಿಸುತ್ತಿದ್ದರಂತೆ. ನಾಜೂಕಿನವರಿಗೆಂದು ಲೋಹದ ಪುಟ್ಟ ಬಟ್ಟಲಿನ ಆಕಾರದ ನೆಟ್ಸುಕೆಗಳು ಬಂದವು: ಗುಂಡಿಯೂ ಅದೇ, ಬೂದಿ ತಟ್ಟೆಯೂ ಅದೇ. ಚಕಮಕಿ ಅಡಗಿರುವ ನೆಟ್ಸುಕೆಗಳೂ ಇವೆ.

ಕಿಸೆರು ಎಂಬ ಹೆಸರಿಗೂ ನಮ್ಮ ಕಿಸೆಗೂ ನಂಟಿದೆಯೇ?

ಕಿಸೆಯಿಲ್ಲದ ಉಡುಪಿನವರ ಕೊಳವೆಗೆ ಕಿಸೆರು ಎಂಬ ಹೆಸರಿರುವುದು ತಮಾಷೆಯಾಗಿದೆ, ಅಷ್ಟೇ. ಪದ ಕಾಂಬೋಡಿಯಾದ ಖ್ಮೇರ್ ಭಾಷೆಯಿಂದ ಬಂದದ್ದು ಎನ್ನುತ್ತಾರೆ. ಕಿಸೆರುವಿನ ಬಾಯಿ ಮತ್ತು ಕಚ್ಚುವ ತುದಿ ಲೋಹ, ನಡುವೆ ಬಿದಿರು. ಆ ಬಿದಿರಿಗೆ ‘ರಾವೊ’ ಎಂದು ಹೆಸರು, ಲಾವೋಸ್ ದೇಶದ ನೆನಪು. ಎರಡು ತುದಿಗೆ ಮಾತ್ರ ಲೋಹ, ನಡುವೆ ಟೊಳ್ಳು ತಾನೆ? ಹತ್ತುವ ಮತ್ತು ಇಳಿಯುವ ನಿಲ್ದಾಣದ ಬಳಿಯ ತುಣುಕಿಗೆ ಮಾತ್ರ ಟಿಕೆಟ್ ಇಟ್ಟುಕೊಂಡು ನಡುದಾರಿಯನ್ನು ಪುಕ್ಕಟೆ ದಾಟುವ ರೈಲು ಪ್ರಯಾಣಿಕರ ಕೈಚಳಕಕ್ಕೆ ಜಪಾನಿನಲ್ಲಿ ಇವತ್ತಿಗೂ ‘ಕಿಸೆರು’ ಎಂದೇ ಹೆಸರು. ಸೇದುವವರು ವಿರಳವಾದರೂ ಪದ ಉಳಿಯಿತು.

ಚೀಲ ಯಾರದು, ಡಬ್ಬಿ ಯಾರದು?

ಗೆರೆ ಎಳೆದಂತೆ ಹೇಳಲಾಗದು. ಆದರೂ ಟೊಂಕೊಟ್ಸು ದುಡಿಯುವವರ ನಂಟಿನದು ಎಂದರೆ ತಪ್ಪಾಗದು. ರೈತ, ಬೆಸ್ತ, ಬಡಗಿ ಬಿಸಿಲು ಮಳೆಯಲ್ಲಿ ಓಡಾಡುವವರು. ಚೀಲ ನೆನೆದರೆ ಹೊಗೆಸೊಪ್ಪು ಹಾಳು, ಒಣಗಿದರೂ ಹಾಳು. ಗಟ್ಟಿ ಡಬ್ಬಿ ಎರಡನ್ನೂ ತಡೆಯುತ್ತದೆ. ಮುಂದೆ ಪೇಟೆಯ ರಸಿಕರೂ ಅದರ ಒರಟು ಚೆಲುವಿಗೆ ಮನಸೋತು ಅರಗಿನ, ಕೊಂಬಿನ ದುಬಾರಿ ಟೊಂಕೊಟ್ಸುಗಳನ್ನು ಮಾಡಿಸಿಕೊಂಡರು.

ಚೀಲಗಳದೇ ಇನ್ನೊಂದು ಲೋಕ. ವಿದೇಶಿ ವಸ್ತ್ರ, ವಿದೇಶಿ ಚರ್ಮ ಇದ್ದಷ್ಟೂ ಮೆರುಗು. ಯುರೋಪಿನಲ್ಲಿ ಶ್ರೀಮಂತರ ಗೋಡೆಗೆ ಹೊದಿಸುವ ಚಿನ್ನದ ಬಣ್ಣದ ಚರ್ಮವನ್ನು ಡಚ್ಚರು ತಂದರೆ ಜಪಾನೀಯರು ಅದನ್ನು ಅಂಗೈಯಗಲ ಕತ್ತರಿಸಿ ಚೀಲ ಹೊಲಿದರು. ಇಸೆ ಎಂಬ ಊರಿನ ದೊಡ್ಡ ದೇಗುಲಕ್ಕೆ ಯಾತ್ರೆ ಹೋದವರು ಚರ್ಮದಂತೆಯೇ ಕಾಣುವ, ಎಣ್ಣೆ ಹಚ್ಚಿದ ಕಾಗದದ ಚೀಲವನ್ನು ನೆನಪಿಗಾಗಿ ಕೊಳ್ಳುತ್ತಿದ್ದರು.

ನಾವು ಕಿವಿ ನೆಟ್ಟಗೆ ಮಾಡಿಕೊಳ್ಳಬೇಕಾದ ಮಾತು ಮುಂದಿದೆ. ಚೋಳಮಂಡಲ ತೀರದ ಅಚ್ಚಿನ ಹತ್ತಿಬಟ್ಟೆಗೆ ಜಪಾನಿನಲ್ಲಿ ‘ಸರಸ’ ಎಂದು ಹೆಸರು. ಹಳೆಯ ಭಾರತೀಯ ಸರಸದ ಒಂದು ಚೂರು ಸಿಕ್ಕರೆ ಅದನ್ನು ಚಹಾ ಸಾಮಾನಿನ ಚೀಲಕ್ಕೋ ಹೊಗೆಸೊಪ್ಪಿನ ಚೀಲಕ್ಕೋ ಮೀಸಲಿಡುತ್ತಿದ್ದರು. ಇಲ್ಲಿ ಮೈಗೆ ಹೊದೆಯುವ ಬಟ್ಟೆ ಅಲ್ಲಿ ಒಡವೆ. ಪಟ್ಟೆ ಪಟ್ಟೆಯ ಒಂದು ಬಟ್ಟೆಗೆ ‘ಸಾಂಟೊಮೆ’ ಎಂದು ಹೆಸರಿತ್ತು, ಚೆನ್ನೈನ ಸಾಂತೋಮ್‌ನಿಂದ ಬಂದದ್ದು. ಜಿಂಕೆಯ ಚರ್ಮದ ಮೇಲೆ ಅರಗಿನಿಂದ ಚುಕ್ಕಿ ಚಿತ್ತಾರ ಮೂಡಿಸುವ ಕಸುಬಿಗೆ ‘ಇಂಡೆನ್’ ಎನ್ನುತ್ತಾರೆ. ಇಂಡಿಯಾದಿಂದಲೇ ಆ ಹೆಸರು ಹುಟ್ಟಿತು ಎಂಬುದು ಅಲ್ಲಿನವರ ನಂಬಿಕೆ. ಯಮನಾಶಿ ಪ್ರಾಂತದ ಕೋಫುವಿನಲ್ಲಿ ಆ ಕಸುಬು ಇನ್ನೂ ನಡೆಯುತ್ತಿದೆ, ಈಗ ಪರ್ಸುಗಳ ಮೇಲೆ.

ಟೊಂಕೊಟ್ಸುವಿನ ಮುಚ್ಚಳ ತೆಗೆಯುವುದು ಹೇಗೆ? ತಿರುಪು ಇದೆಯೇ?

ತಿರುಪೂ ಇಲ್ಲ, ಕೀಲೂ ಇಲ್ಲ. ಡಬ್ಬಿಯ ಎರಡು ಪಕ್ಕಗಳಲ್ಲಿ ಹುರಿ ಹಾಯುವ ತೂತು ಅಥವಾ ಬಳೆ ಇರುತ್ತದೆ. ಹುರಿ ಅಲ್ಲಿಂದ ಮುಚ್ಚಳದ ಮೂಲಕ ಮೇಲೇರುತ್ತದೆ. ಓಜಿಮೆಯನ್ನು ಸಡಿಲಿಸಿ ಮುಚ್ಚಳವನ್ನು ಹುರಿಯ ಮೇಲೆಯೇ ಎತ್ತಿ ಸರಿಸಬೇಕು. ಹೀಗಾಗಿ ಗದ್ದೆಯ ಬದುವಿನಲ್ಲಿ ಕುಳಿತು ಸೇದಿದರೂ ಮುಚ್ಚಳ ಕಳೆದುಹೋಗುವ ಮಾತಿಲ್ಲ. ಒಳ್ಳೆಯ ಕೆಲಸಗಾರನ ಡಬ್ಬಿಯಾದರೆ ಮುಚ್ಚಳ ಇಳಿಯುವಾಗ ಒಳಗಿನ ಗಾಳಿ ಮೆಲ್ಲಗೆ ತಡೆಯುತ್ತದೆ, ಕೊನೆಗೆ ಉಸ್ಸೆಂದು ಕೂರುತ್ತದೆ.

ಒಳ್ಳೆಯ ನೆಟ್ಸುಕೆ ಎಂದು ಯಾವುದನ್ನು ಕರೆಯಬೇಕು?

ನನ್ನ ಅಳತೆಗೋಲು ಒಂದೇ: ಅದನ್ನು ಕಟ್ಟಿಕೊಂಡು ಒಂದು ದಿನ ಓಡಾಡಬಹುದೇ? ಚೂಪು ಮೂಲೆ ಇದ್ದರೆ ರೇಷ್ಮೆ ಹರಿಯುತ್ತದೆ. ಚಾಚಿದ ಕೈಕಾಲು ಇದ್ದರೆ ಮುರಿಯುತ್ತದೆ. ತೀರ ಹಗುರವಾದರೆ ಡಬ್ಬಿಯ ಭಾರಕ್ಕೆ ಜಾರುತ್ತದೆ, ತೀರ ದಪ್ಪವಾದರೆ ಪಕ್ಕೆಗೆ ಒತ್ತುತ್ತದೆ. ಹೀಗಾಗಿಯೇ ಕೆತ್ತುವವರು ಪ್ರಾಣಿಗಳನ್ನು ಮಲಗಿಸಿದರು, ಬಾಲವನ್ನು ಹೊಟ್ಟೆಗೆ ಸುತ್ತಿದರು, ಸನ್ಯಾಸಿಯನ್ನು ಕಂಬಳಿಯೊಳಗೆ ಮುದುಡಿಸಿದರು. ನಾವು ಮೆಚ್ಚುವ ಆ ಮುದ್ದಾದ ಉಂಡೆಯ ರೂಪ ಕಲಾವಿದನ ಲಹರಿಗಿಂತ ಹೆಚ್ಚಾಗಿ ನಡುಪಟ್ಟಿಯ ಕಟ್ಟಳೆ.

ಕೈಗೆ ಸಿಕ್ಕರೆ ಮೊದಲು ಮಗುಚಿ ಅಡಿ ನೋಡಿ. ಶಿಲ್ಪಕ್ಕೆ ಹಿಂಬದಿ ಇರಬಹುದು, ನೆಟ್ಸುಕೆಗೆ ಹಿಂಬದಿ ಎಂಬುದೇ ಇಲ್ಲ. ಇಲಿಯ ಅಂಗಾಲು, ಕಪ್ಪೆಯ ಹೊಟ್ಟೆಯ ಸುಕ್ಕು, ಎಲ್ಲವನ್ನೂ ಕೆತ್ತಿರುತ್ತಾರೆ. ಅಲ್ಲೇ ದಾರ ಹಾಯುವ ಎರಡು ತೂತುಗಳು, ಹಿಮೊತೋಶಿ, ಕಾಣುತ್ತವೆ. ಹಲವು ಹಳೆಯವುಗಳಲ್ಲಿ ಒಂದು ತೂತು ಸಣ್ಣದು, ಇನ್ನೊಂದು ದೊಡ್ಡದು. ದೊಡ್ಡದರೊಳಗೆ ಗಂಟು ಅಡಗಿ ಕೂರಬೇಕಲ್ಲ. ಜಾಣ ಕೆತ್ತನೆಗಾರ ತೂತನ್ನೇ ಕೊರೆಯದೆ ಪ್ರಾಣಿಯ ಕಾಲಿನ ಸಂದನ್ನೇ ದಾರಕ್ಕೆ ಬಿಟ್ಟುಕೊಡುತ್ತಾನೆ.

ಎಲ್ಲವೂ ಆನೆದಂತವೇ?

ಬಹಳ ಜನ ಹಾಗೆಯೇ ತಿಳಿದಿದ್ದಾರೆ. ದಂತದವು ಬೇಕಾದಷ್ಟಿವೆ, ಅದರಲ್ಲೂ ಶಾಮಿಸೆನ್ ವಾದ್ಯ ಮೀಟುವ ದಂತದ ಪಟ್ಟಿಯನ್ನು ಕತ್ತರಿಸಿದ ಮೇಲೆ ಉಳಿದ ಮುಕ್ಕೋನದ ಚೂರುಗಳಲ್ಲಿ ಕೆತ್ತಿದವು. ಆದರೆ ಮರವೂ ಅಷ್ಟೇ ಮುಖ್ಯ. ತ್ಸುಗೆ ಎಂಬ ಹಳದಿ ಬಣ್ಣದ, ಬಿಗಿ ಎಳೆಯ ಬಾಕ್ಸ್‌ವುಡ್ ಎಲ್ಲಕ್ಕಿಂತ ಮೆಚ್ಚಿನದು. ಜಪಾನಿನ ಒಳ್ಳೆಯ ಬಾಚಣಿಗೆಗಳಿಗೂ ಇದೇ ಮರ. ಕರಿಮರ, ಜಿಂಕೆಯ ಕೊಂಬು, ಕಾಡುಹಂದಿಯ ಕೋರೆ, ತಿಮಿಂಗಿಲದ ಹಲ್ಲು, ಅಕ್ರೋಟಿನ ಚಿಪ್ಪು, ಕಪ್ಪು ಹವಳ, ಅರಗು, ಪಿಂಗಾಣಿ, ಲೋಹ ಇವೆಲ್ಲವೂ ಇವೆ. ಟೊಂಕೊಟ್ಸು ಜೊತೆಗೆ ನನ್ನ ಕಣ್ಣಿಗೆ ಒಪ್ಪುವುದು ಮರ ಮತ್ತು ಕೊಂಬು. ಒರಟು ಗಂಟುಮರದ ಡಬ್ಬಿಯ ಮೇಲೆ ಬಿಳಿ ದಂತ ತೂಗಿದರೆ ಕಂಬಳಿಗೆ ಜರಿ ಅಂಚು ಹಚ್ಚಿದ ಹಾಗೆ.

ಕಪ್ಪೆಯ ಮೈಮೇಲಿನ ಗುಳ್ಳೆಗಳನ್ನು ಅಂಟಿಸುತ್ತಾರೆಯೇ?

ಈ ಪ್ರಶ್ನೆ ಕೇಳಿದವರಿಗೆ ಒಳ್ಳೆಯ ಕಣ್ಣಿದೆ. ಅಂಟಿಸುವುದಿಲ್ಲ, ಸುತ್ತಲಿನ ಮರವನ್ನು ಒಂದೊಂದಾಗಿ ಕೆರೆದು ಉಳಿಸಿಕೊಳ್ಳುವುದೂ ಅಲ್ಲ. ಆ ಕೌಶಲಕ್ಕೆ ಉಕಿಬೊರಿ ಎಂದು ಹೆಸರು. ಗುಳ್ಳೆ ಬೇಕಾದ ಕಡೆ ಮೊಂಡು ಮೊಳೆಯಂಥ ಉಪಕರಣದಿಂದ ಮರವನ್ನು ಒಳಕ್ಕೆ ಒತ್ತುತ್ತಾರೆ. ಎಳೆ ಹರಿಯಬಾರದು, ಅದುಮಿಕೊಳ್ಳಬೇಕು ಅಷ್ಟೇ. ಹಾಗೆ ಚುಕ್ಕಿ ಚುಕ್ಕಿ ತಗ್ಗು ಮಾಡಿದ ಮೇಲೆ ಸುತ್ತಲಿನ ಮರವನ್ನು ತಗ್ಗಿನ ಮಟ್ಟಕ್ಕೆ ಕೆರೆದು ಸಮ ಮಾಡುತ್ತಾರೆ. ಈಗ ಮೈ ನುಣುಪು, ಏನೂ ಕಾಣದು. ಆಮೇಲೆ ಬಿಸಿನೀರು ತಾಗಿಸುತ್ತಾರೆ. ಅದುಮಿಕೊಂಡಿದ್ದ ಎಳೆಗಳು ನೀರು ಕುಡಿದು ಉಬ್ಬುತ್ತವೆ, ಒತ್ತಿದ ಕಡೆಯಲ್ಲೆಲ್ಲ ಗುಳ್ಳೆ ಏಳುತ್ತದೆ. ನಾನು ಮೊದಲ ಸಲ ಓದಿದಾಗ ನಂಬಿರಲಿಲ್ಲ. ಆಮೇಲೆ ಭೂತಗನ್ನಡಿ ಹಿಡಿದು ಒಂದು ಬಾಕ್ಸ್‌ವುಡ್ ಕಪ್ಪೆಯನ್ನು ನೋಡಿದೆ: ಗುಳ್ಳೆಗಳ ಬುಡದಲ್ಲಿ ಉಳಿಯ ಗುರುತು ಒಂದೂ ಇಲ್ಲ, ಮರದ ಎಳೆ ಗುಳ್ಳೆಯ ಮೇಲೆ ಹತ್ತಿ ಇಳಿದು ಮುಂದೆ ಹೋಗುತ್ತದೆ.

ಎಷ್ಟು ಬಗೆಗಳಿವೆ?

ಪಟ್ಟಿ ಉದ್ದವಿದೆ, ಬೇಕಾದಷ್ಟನ್ನು ಹೇಳುತ್ತೇನೆ. ಪೂರ್ಣ ಮೂರ್ತಿ ಕತಬೊರಿ. ಚಪ್ಪಟೆ ಉಂಡೆಯಂತಿರುವುದು ಮಂಜು, ಅದೇ ಹೆಸರಿನ ತಿನಿಸಿನ ಆಕಾರ. ಅದನ್ನೇ ಜಾಲರಿಯಂತೆ ಕೊರೆದರೆ ರ್ಯೂಸಾ. ದಂತದ ಬಟ್ಟಲಿಗೆ ಲೋಹದ ಬಿಲ್ಲೆ ಮುಚ್ಚಿದರೆ ಕಗಮಿಬುತ. ಉದ್ದನೆಯ ಕಡ್ಡಿಯಂತೆ ಓಬಿಯೊಳಗೆ ಸಿಕ್ಕಿಸುವುದು ಸಾಶಿ. ನಾಲಗೆ ಹೊರಚಾಚುವ, ತಲೆ ತಿರುಗಿಸುವ ಆಟದವೂ ಇವೆ.

ಕೆತ್ತನೆಗಳ ವಿಷಯ ಯಾವುದು? ನಮಗೆ ಪರಿಚಿತವಾದದ್ದು ಏನಾದರೂ ಉಂಟೇ?

ಬೇಕಾದಷ್ಟು ಉಂಟು. ಹನ್ನೆರಡು ವರ್ಷದ ಚಕ್ರದ ಪ್ರಾಣಿಗಳು, ದೆವ್ವಗಳನ್ನು ಬೇಟೆಯಾಡುವ ‘ಶೋಕಿ’ ಎಂಬ ಕಥಾಪುರುಷ, ಉದ್ದ ಕಾಲಿನವನೂ ಉದ್ದ ಕೈಯವನೂ ಸೇರಿ ಮೀನು ಹಿಡಿಯುವ ಜೋಡಿ, ಟೋಪಿ ಹಾಕಿದ ಡಚ್ಚರು, ಮುಖವಾಡಗಳು ಇವು ಅಲ್ಲಿನವು. ಇವುಗಳ ನಡುವೆ ಒಬ್ಬ ಗಡ್ಡದವನು ಕಂಬಳಿ ಹೊದ್ದು ಆಕಳಿಸುತ್ತ ಕೂತಿರುತ್ತಾನೆ. ಅವನು ದಾರುಮ, ಅಂದರೆ ಭಾರತದಿಂದ ಹೋದ ಬೋಧಿಧರ್ಮ. ಒಂಬತ್ತು ವರ್ಷ ಗೋಡೆ ನೋಡುತ್ತ ಧ್ಯಾನಕ್ಕೆ ಕೂತು ಕಾಲು ಬತ್ತಿಹೋಯಿತು ಎಂಬ ಕಥೆ ಅವನದು. ಕಾಲಿಲ್ಲ, ಕೈ ಒಳಗಿದೆ, ಮೈಯೆಲ್ಲ ಉಂಡೆ: ನೆಟ್ಸುಕೆಗೆ ಇದಕ್ಕಿಂತ ಹೇಳಿ ಮಾಡಿಸಿದ ಆಕಾರ ಎಲ್ಲಿ ಸಿಕ್ಕೀತು?

ಕುರುಡರು ಆನೆ ಮುಟ್ಟಿ ನೋಡಿದ ಕಥೆ ಅಲ್ಲಿಗೂ ಹೋಗಿದೆ. ಇರುವೆ ಮುತ್ತಿದಂತೆ ಆನೆಯ ಮೇಲೆ ಹತ್ತಿ ಹರಿದಾಡುವ ಕುರುಡರ ನೆಟ್ಸುಕೆಗಳು ಹಲವು. ಪಂಚತಂತ್ರದಲ್ಲಿ ಮಂಗನು ಹೃದಯವನ್ನು ಮರದ ಮೇಲೆ ಬಿಟ್ಟು ಬಂದೆನೆಂದು ಮೊಸಳೆಗೆ ಟೋಪಿ ಹಾಕುತ್ತದಲ್ಲ, ಜಪಾನಿನಲ್ಲಿ ಹೃದಯದ ಬದಲು ಪಿತ್ತಜನಕಾಂಗ, ಮೊಸಳೆಯ ಬದಲು ಲೋಳೆಮೀನು. ಏಳು ಅದೃಷ್ಟದೇವತೆಗಳ ಪೈಕಿ ಬೆಂತೆನ್ ನಮ್ಮ ಸರಸ್ವತಿ. ಅಕ್ಕಿಮೂಟೆಯ ಮೇಲೆ ಕೂತು ನಗುವ ಡೈಕೊಕು ಮೂಲದಲ್ಲಿ ಮಹಾಕಾಲ. ಅಷ್ಟು ಉಗ್ರನಾದವನು ಅಷ್ಟು ದೂರ ಹೋಗಿ ಹೊಟ್ಟೆ ಬೆಳೆಸಿಕೊಂಡ ಪರಿ ಸ್ವಾರಸ್ಯವಾಗಿದೆ.

ಹೆಸರಾಂತ ಕೆತ್ತನೆಗಾರರು ಯಾರು?

1781ರಲ್ಲಿ ಒಸಾಕಾದಲ್ಲಿ ಅಚ್ಚಾದ ‘ಸೋಕೆನ್ ಕಿಶೋ’ ಎಂಬ ಗ್ರಂಥ ಮುಖ್ಯವಾಗಿ ಕತ್ತಿಯ ಅಲಂಕಾರಗಳ ಬಗ್ಗೆ ಬರೆದದ್ದು. ಅದರಲ್ಲಿ 50ಕ್ಕೂ ಹೆಚ್ಚು ನೆಟ್ಸುಕೆ ಕೆತ್ತನೆಗಾರರ ಹೆಸರಿದೆ. ಕ್ಯೋಟೋದ ಟೊಮೊತದನ ಎತ್ತುಗಳಿಗೆ ಬಲು ಬೇಡಿಕೆ, ಹಾಗಾಗಿ ನಕಲು ಬಹಳ ಎಂಬ ಎಚ್ಚರಿಕೆಯೂ ಅಲ್ಲೇ ಇದೆ! ಕ್ಯೋಟೋದ ಮಸನಾವೊ, ಒಸಾಕಾದ ಕೈಗ್ಯೊಕುಸೈ ಮಸತ್ಸುಗು, ಓಹರಾ ಮಿತ್ಸುಹಿರೊ ದೊಡ್ಡ ಹೆಸರುಗಳು. ಇಸೆಯಲ್ಲಿ ಇನ್ನೊಬ್ಬ ಮಸನಾವೊ ಬಾಕ್ಸ್‌ವುಡ್ ಕಪ್ಪೆಗಳಿಗೆ ಪ್ರಸಿದ್ಧ. ಜಪಾನಿಯಲ್ಲಿ ‘ಕಎರು’ ಎಂದರೆ ಕಪ್ಪೆಯೂ ಹೌದು, ಮರಳುವುದೂ ಹೌದು. ಕ್ಷೇಮವಾಗಿ ಊರಿಗೆ ಮರಳಲೆಂದು ಇಸೆಯ ಯಾತ್ರಿಕರು ಕಪ್ಪೆ ಕೊಳ್ಳುತ್ತಿದ್ದರು.

ಹೆಂಗಸರ ಹೆಸರು ಈ ಕಸುಬಿನಲ್ಲಿ ವಿರಳ. ಇವಾಮಿ ಪ್ರಾಂತದ ಸೇಯೊದೊ ಟೊಮಿಹರುವಿನ ಮಗಳು ಬುನ್ಶೊಜೊ (1764–1838) ತಂದೆಯಷ್ಟೇ ಗಟ್ಟಿಗಿತ್ತಿ. ಕಾಡುಹಂದಿಯ ಕೋರೆಯ ಮೇಲೆ ಜೇಡ, ಜರಿಹುಳುಗಳನ್ನು ಮೂಡಿಸುವುದು ಆ ಮನೆತನದ ವೈಖರಿ. ಹೊಗೆಸೊಪ್ಪಿನ ಜೊತೆಗಳ ಮಾತು ಬಂದರೆ ಟೋಕಿಯೊದ ಅಸಕುಸದ ಓಜಾಕಿ ಕೊಕುಸೈಯನ್ನು ಮರೆಯುವಂತಿಲ್ಲ. ಜಿಂಕೆಕೊಂಬಿನ ಸಂದು, ರಂಧ್ರ, ವಕ್ರತೆ ಯಾವುದನ್ನೂ ಮರೆಮಾಡದೆ ಅವನ್ನೇ ತಮಾಷೆಯಾಗಿ ಬಳಸಿಕೊಂಡವನು ಅವನು. ನೆಟ್ಸುಕೆ, ಡಬ್ಬಿ, ಕೊಳವೆಯ ಒರೆ ಒಂದೇ ಕೈಯಿಂದ ಬಂದಾಗ ಹೇಗಿರುತ್ತದೆಂದು ನೋಡಲು ಅವನ ಕೆಲಸವೇ ಸಾಕು.

ಈ ಪದ್ಧತಿ ನಿಂತದ್ದು ಯಾಕೆ?

ಒಮ್ಮೆಲೇ ನಿಲ್ಲಲಿಲ್ಲ, ಆರುವ ಮುನ್ನ ಒಂದು ಸಲ ಪ್ರಜ್ವಲಿಸಿತು. 1876ರಲ್ಲಿ ಸಮುರಾಯ್‌ಗಳು ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಲಾಯಿತು. ಕತ್ತಿಯ ಹಿಡಿಗೆ ಚಿನ್ನ ಬೆಳ್ಳಿಯ ಕುಸುರಿ ಮಾಡುತ್ತಿದ್ದ ಲೋಹಶಿಲ್ಪಿಗಳಿಗೆ ಕೆಲಸವಿಲ್ಲವಾಯಿತು. ಅವರ ಕೈ ಹೊಗೆಸೊಪ್ಪಿನ ಚೀಲದ ಕೊಂಡಿ, ಕಗಮಿಬುತದ ಬಿಲ್ಲೆ, ಕಿಸೆರುವಿನ ಬಾಯಿಯ ಕಡೆ ತಿರುಗಿತು. ಹೊಸ ಯೆನ್ ನಾಣ್ಯಗಳ ವಿನ್ಯಾಸ ಮಾಡಿದ ಕಾನೊ ನತ್ಸುವೊ ಅಂಥವರೂ ಇಂಥ ಸಣ್ಣ ಕೆಲಸಗಳಿಗೆ ಕೈಹಾಕಿದರು. ಆ ಕಾಲದ ಚೀಲಗಳ ಮುಂಗೊಂಡಿಗಳನ್ನು ನೋಡಿ: ಬೆರಳ ತುದಿಯಗಲದಲ್ಲಿ ಅಲೆಯೂ ಚಂದ್ರನೂ ಹಕ್ಕಿಯೂ ಇರುತ್ತವೆ.

ಆದರೆ ಅಷ್ಟರಲ್ಲಿ ಕೋಟು ಷರಾಯಿ ಬಂದಿದ್ದವು, ಅವುಗಳ ಜೊತೆ ಕಿಸೆಯೂ ಬಂತು. ಹಿಂದೆಯೇ ಸಿಗರೇಟು. 1904ರಲ್ಲಿ ಸರ್ಕಾರ ಹೊಗೆಸೊಪ್ಪಿನ ತಯಾರಿಕೆಯನ್ನೇ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಡಬ್ಬಿಗೂ ಕೆಲಸವಿಲ್ಲ, ಗುಂಡಿಗೂ ಕೆಲಸವಿಲ್ಲ.

ಹಾಗಾದರೆ ಪೂರ್ತಿ ಜೊತೆಗಳು ಯಾಕೆ ಕಡಿಮೆ ಸಿಗುತ್ತವೆ?

ಯುರೋಪು ಅಮೆರಿಕದ ಕೊಳ್ಳುಗರಿಗೆ ಬೇಕಾದದ್ದು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಡಬಹುದಾದ ಪುಟ್ಟ ಮೂರ್ತಿ. ಸವೆದ ಚೀಲ, ಹೊಗೆಸೊಪ್ಪಿನ ವಾಸನೆಯ ಡಬ್ಬಿ ಯಾರಿಗೆ ಬೇಕು? ವ್ಯಾಪಾರಿಗಳು ದಾರ ಕತ್ತರಿಸಿ ನೆಟ್ಸುಕೆಯನ್ನು ಒಂದು ಕಡೆ, ಓಜಿಮೆಯನ್ನು ಇನ್ನೊಂದು ಕಡೆ ಮಾರಿದರು. ಮುಂದಿನವರು ತಮಗೆ ತೋಚಿದಂತೆ ಮತ್ತೆ ಪೋಣಿಸಿದರು. ಇವತ್ತು ಹರಾಜಿನಲ್ಲಿ ಕಾಣುವ ಅನೇಕ ‘ಜೊತೆ’ಗಳು ಹೀಗೆ ಮರುಮದುವೆಯಾದವು. ಡಬ್ಬಿಯ ಮೇಲೆ ಜೊಂಡುಹುಲ್ಲು, ಓಜಿಮೆಯಲ್ಲಿ ನೀರಹನಿ, ತುದಿಯಲ್ಲಿ ಕಪ್ಪೆ ಹೀಗೆ ಒಂದೇ ಮಾತನ್ನು ಮೂರು ಕಡೆ ಹಂಚಿ ಹೇಳುವ ಜೊತೆ ಕಂಡರೆ ಮೂಲತಃ ಕೂಡಿಯೇ ಇದ್ದದ್ದಿರಬಹುದು ಎಂದು ಆಸೆಪಡಬಹುದು. ಕಪ್ಪೆಯನ್ನಷ್ಟೇ ಕಿತ್ತುಕೊಂಡವರು ಮೂರನೆಯ ಒಂದು ಭಾಗ ಮಾತ್ರ ಕೊಂಡರು ಎಂದು ನನ್ನ ಅಭಿಪ್ರಾಯ.

ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ನಾನು ಕೆಟ್ಟು ಕಲಿತದ್ದನ್ನು ಹೇಳುತ್ತೇನೆ. ಹಳೆಯ ಬಾಕ್ಸ್‌ವುಡ್ ಇಲಿ ಎಂದು ಹೇಳಿದ್ದನ್ನು ನಂಬಿ ಒಮ್ಮೆ ಕೊಂಡೆ. ಮನೆಗೆ ತಂದು ಬೆಳಕಿಗೆ ಹಿಡಿದಾಗ ಬಾಲದ ಉದ್ದಕ್ಕೂ ಕೂದಲೆಳೆಯಷ್ಟು ಗೆರೆ ಕಂಡಿತು. ಅದು ಅಚ್ಚಿನ ಎರಡು ಭಾಗ ಕೂಡಿದ ಗುರುತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಂದುಗಳ ‘ನೂರು ವರ್ಷದ ಕಂದು’ ಬಟ್ಟೆಗೆ ಬಂತು. ತೂತುಗಳು ಎರಡೂ ಒಂದೇ ಅಳತೆ, ಅಂಚು ಚೂಪು, ದಾರ ಉಜ್ಜಿದ ಸವೆತವೇ ಇಲ್ಲ. ರೆಸಿನ್ ಎರಕ. ಅದನ್ನು ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ಮುಂದಿನ ಸಲ ಕೈ ಜೇಬಿಗೆ ಹೋಗುವ ಮುನ್ನ ನೋಡಲು.

ನಿಜವಾಗಿ ಬಳಸಿದ ನೆಟ್ಸುಕೆಯಲ್ಲಿ ಸವೆತ ಸಮನಾಗಿರುವುದಿಲ್ಲ. ಓಬಿಗೆ ತಾಗುವ ಬದಿ ಒಂದು ಬಗೆ, ಕೈ ತಾಗುವ ಉಬ್ಬು ಇನ್ನೊಂದು ಬಗೆ. ಎಲ್ಲ ಕಡೆ ಒಂದೇ ರೀತಿ ಸವೆದಿದ್ದರೆ ಅನುಮಾನಪಡಿ. ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಕಮಾನುಗೆರೆಗಳು ಕಾಣುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಕಾಣುವುದಿಲ್ಲ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ಅಸಲಿಯಾದರೆ ನೀವೇ ಅದನ್ನು ಕೆಡಿಸಿದಂತೆ.

ಹೆಸರು ಕೆತ್ತಿದ್ದರೆ ಸಾಕಲ್ಲವೇ?

ಸಾಲದು. ಶಿಷ್ಯರು ಗುರುವಿನ ಹೆಸರು ಹಾಕುತ್ತಿದ್ದರು, ಒಂದೇ ಹೆಸರನ್ನು ಹಲವು ತಲೆಮಾರು ಬಳಸುತ್ತಿತ್ತು, ಕಳ್ಳರು ಯಾವ ಹೆಸರನ್ನಾದರೂ ಹಾಕುತ್ತಿದ್ದರು. ಮೇಲೆ ಹೇಳಿದ ಟೊಮೊತದನ ಎತ್ತನ್ನು ನೆನಪಿಸಿಕೊಳ್ಳಿ. ಹೆಸರಿಲ್ಲದ ಅದ್ಭುತ ಕೆಲಸಗಳೂ ಬಹಳ. ಒಸಾಕಾದ ಚಿತ್ರಕಾರ ಯೊಶಿಮುರಾ ಶೂಜಾನ್ ಮರದಲ್ಲಿ ಕೆತ್ತಿ ಬಣ್ಣ ಬಳಿಯುತ್ತಿದ್ದ, ಹೆಸರು ಹಾಕುತ್ತಿರಲಿಲ್ಲ.

ಜಪಾನಿನಲ್ಲಿ ಕೊಂಡ ದಂತದ ನೆಟ್ಸುಕೆಯನ್ನು ಬೆಂಗಳೂರಿಗೆ ತರಬಹುದೇ?

ತರಬೇಡಿ. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ 1990ರಿಂದ ನಿಷೇಧವಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಮಾಡಿದ ತಿದ್ದುಪಡಿ ಭಾರತೀಯ ದಂತದ ವ್ಯಾಪಾರವನ್ನು ನಿಲ್ಲಿಸಿತು, 1991ರ ತಿದ್ದುಪಡಿ ಆಫ್ರಿಕದ ದಂತವನ್ನೂ ಸೇರಿಸಿತು. ನಮ್ಮ ಸೊರಬ, ಸಾಗರದ ಗುಡಿಗಾರರು ದಂತ ಬಿಟ್ಟು ಗಂಧ ಮೊದಲಾದ ಮರಗಳನ್ನಷ್ಟೇ ಕೆತ್ತುತ್ತಿರುವ ಹಿನ್ನೆಲೆಯೂ ಇದೇ. ಜಪಾನಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ ಎಂಬುದು ವಿಮಾನ ನಿಲ್ದಾಣದಲ್ಲಿ ಉತ್ತರವಾಗದು. ಬ್ರಿಟನ್ನಿನಲ್ಲೂ 2022ರಿಂದ ಜಾರಿಗೆ ಬಂದ ಕಾನೂನು ಹಳೆಯ ದಂತದ ಮಾರಾಟವನ್ನು ಕೆಲವೇ ವಿನಾಯಿತಿಗಳಿಗೆ ಇಳಿಸಿದೆ. ಬಾಕ್ಸ್‌ವುಡ್ ಕೊಳ್ಳಿ. ಅದರ ಕೆತ್ತನೆ ದಂತಕ್ಕೆ ಏನೂ ಕಡಿಮೆಯಿಲ್ಲ, ನಿದ್ದೆಯೂ ಬರುತ್ತದೆ.

ಎಲ್ಲಿ ನೋಡಬಹುದು?

ಡಬ್ಬಿ, ಕೊಳವೆ, ಚೀಲ ಒಟ್ಟಿಗೆ ನೋಡಬೇಕೆಂದರೆ ಟೋಕಿಯೊದ ಹೊಗೆಸೊಪ್ಪು ಮತ್ತು ಉಪ್ಪಿನ ವಸ್ತುಸಂಗ್ರಹಾಲಯ. 1978ರಲ್ಲಿ ಶಿಬುಯಾದಲ್ಲಿ ತೆರೆದು 2015ರಲ್ಲಿ ಸುಮಿದಾಗೆ ಸ್ಥಳಾಂತರವಾಯಿತು. ಹೊಗೆಸೊಪ್ಪೂ ಉಪ್ಪೂ ಎರಡೂ ಸರ್ಕಾರದ ಏಕಸ್ವಾಮ್ಯದಲ್ಲಿ ಇದ್ದವು, ಅದಕ್ಕೇ ಈ ವಿಚಿತ್ರ ಜೋಡಿ. ಕ್ಯೋಟೋದ ಮಿಬುವಿನಲ್ಲಿ ಹಳೆಯ ಸಮುರಾಯ್ ಮನೆಯೊಂದರಲ್ಲಿ 2007ರಿಂದ ನೆಟ್ಸುಕೆಗೇ ಮೀಸಲಾದ ಸೇಶು ಸಂಗ್ರಹಾಲಯವಿದೆ. ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ರಾಜಕುಮಾರ ತಕಮದೊ ಸಂಗ್ರಹಿಸಿದ ನೆಟ್ಸುಕೆಗಳಿವೆ. ಹೊರಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಬುಶೆಲ್ ಸಂಗ್ರಹ. ಕೈಯಲ್ಲಿ ಹಿಡಿದು ನೋಡುವ ಆಸೆ ಇದ್ದರೆ ಪ್ರತಿ ತಿಂಗಳ 21ರಂದು ಕ್ಯೋಟೋದ ತೋಜಿ ದೇವಾಲಯದ ಅಂಗಳದಲ್ಲಿ ನೆರೆಯುವ ಸಂತೆಗೆ ಹೋಗಿ. ಮೇಲಿನ ಇಲಿಯ ಕಥೆಯನ್ನು ಮರೆಯದೆ ಹೋಗಿ.

ಜೋಪಾನ ಮಾಡುವುದು ಹೇಗೆ?

ಎಣ್ಣೆ ಹಚ್ಚಬೇಡಿ, ತೊಳೆಯಬೇಡಿ, ಬಿಸಿಲಿಗೂ ಹವಾನಿಯಂತ್ರಣ ಯಂತ್ರದ ಗಾಳಿಗೂ ನೇರ ಒಡ್ಡಬೇಡಿ, ಒಣಗಿದರೆ ಬಿರುಕು ಬಿಡುತ್ತದೆ. ಮರದ ನೆಟ್ಸುಕೆಯನ್ನು ಶುದ್ಧ ಕೈಯಲ್ಲಿ ಆಗಾಗ ಹಿಡಿದುಕೊಂಡರೆ ಅದಕ್ಕೆ ಒಳ್ಳೆಯದೇ. ಹಳೆಯ ಹುರಿಯ ಮೇಲೆ ಭಾರ ಹಾಕಬೇಡಿ. ಮಳೆಗಾಲದಲ್ಲಿ ಟೊಂಕೊಟ್ಸುವಿನ ಮುಚ್ಚಳ ಉಬ್ಬಿ ಕಚ್ಚಿಕೊಂಡರೆ ಚಾಕು ಹಾಕಿ ಮೀಟಬೇಡಿ. ಮಳೆ ನಿಂತ ಮೇಲೆ ತಾನೇ ಬಿಡುತ್ತದೆ.

ಈಗಲೂ ಯಾರಾದರೂ ಕೆತ್ತುತ್ತಾರೆಯೇ? ನನ್ನ ಮೊಬೈಲ್‌ಗೆ ಒಂದನ್ನು ಕಟ್ಟಿಕೊಳ್ಳಬಹುದೇ?

ಕೆತ್ತುತ್ತಾರೆ. ಜಪಾನಿನಲ್ಲೂ ಯುರೋಪಿನಲ್ಲೂ ಈಗಿನ ಕಾಲದ ಕೆತ್ತನೆಗಾರರಿದ್ದಾರೆ, ಅವರಲ್ಲಿ ಬಹಳ ಮಂದಿಯ ಕೆಲಸ ಓಬಿಯನ್ನೇ ಕಾಣುವುದಿಲ್ಲ, ನೇರ ಕಪಾಟಿಗೆ ಹೋಗುತ್ತದೆ. ದಾರ ಹಾಯುವ ದಾರಿಯನ್ನು ಮಾತ್ರ ಬಿಡುತ್ತಾರೆ, ಅದಿಲ್ಲದಿದ್ದರೆ ನೆಟ್ಸುಕೆ ಎನ್ನುವಂತಿಲ್ಲವಲ್ಲ. ಮೊಬೈಲ್‌ಗೆ ಕಟ್ಟಲು ಜಪಾನಿನ ದೇವಾಲಯಗಳ ಬಳಿ ಅಗ್ಗದ ಗೊಂಬೆದಾರಗಳು ಸಿಗುತ್ತವೆ, ಅವನ್ನೂ ನೆಟ್ಸುಕೆ ಎಂದೇ ಮಾರುತ್ತಾರೆ. ಆದರೆ ಈಚಿನ ಬಹುತೇಕ ಮೊಬೈಲ್‌ಗಳಲ್ಲಿ ದಾರ ಹಾಕುವ ತೂತೇ ಇಲ್ಲ. ಮೊದಲು ಹೊದಿಕೆ ಕೊಂಡು, ಅದರಲ್ಲಿ ತೂತಿದೆಯೇ ಎಂದು ನೋಡಿಕೊಳ್ಳಿ.